ಸೀಟು ಬದಲಿಸಲಾ, ಶಾರ್ಟ್ಸ್ ಕೊಳ್ಳಲಾ, ಡಾಕ್ಟರ ಹತ್ತಿರ ಹೋಗಲಾ?

ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದು ಮೈಸೂರಿಗೆ ಮರಳುವ ಗುಂಪು ನಮ್ಮದು. ಮಂಡಿನೋವು, ಪಂಕ್ಚರ್, ಗೇರಿನ ಕಟಕಟ ಇವನ್ನೆಲ್ಲ ಎಲ್ಲರೆದುರೇ ಮಾತಾಡುತ್ತಾರೆ. ಒಂದು ವಿಷಯವನ್ನು ಮಾತ್ರ ಉಳಿದವರು ಕಾಫಿಗೆ ಎದ್ದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಣ್ಣಾ, ಕೂತ್ಕೊಳೋ ಜಾಗ್ದಲ್ಲಿ ಒಂಥರಾ ಗಂಟು. ಮೂರು ವಾರ ಆಯ್ತು, ಹೋಗ್ತಾನೇ ಇಲ್ಲ. ಸೀಟ್ ಚೇಂಜ್ ಮಾಡ್ಸ್ಲಾ?" ಹೆಂಗಸರು ನನ್ನನ್ನು ಕೇಳುವುದಿಲ್ಲ, ನನ್ನ ಹೆಂಡತಿಯನ್ನು ಕೇಳುತ್ತಾರೆ. ಅವಳೂ ತುಳಿಯುವವಳೇ. ಪ್ರಶ್ನೆ ಮಾತ್ರ ಒಂದೇ: ದುಡ್ಡು ಹಾಕುವುದಾದರೆ ಯಾವುದಕ್ಕೆ?

ಹನ್ನೊಂದು ವರ್ಷದಲ್ಲಿ ನಾನು ಕೊಂಡ ಸೀಟು ನಾಲ್ಕು. ಮೂರು ಅಟ್ಟದ ಮೇಲಿವೆ. ಮೊದಲನೆಯದು ನಿಜಕ್ಕೂ ಕೆಟ್ಟದಾಗಿತ್ತು. ಉಳಿದ ಎರಡರಲ್ಲಿ ದೋಷವೇ ಇರಲಿಲ್ಲ. ಅವನ್ನು ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ಏರಿಸಿಟ್ಟಿದ್ದ ನನ್ನಲ್ಲಿತ್ತು. ಹಾಗಾಗಿ ಈ ಬರಹ ಸೀಟಿನಿಂದ ಶುರುವಾಗುವುದಿಲ್ಲ.

ಯಾವ ಅಳತೆಗೋಲು ಹಿಡಿದು ನೋಡಬೇಕು

ಮೊದಲನೆಯದು, ನೋವು ಎಲ್ಲಿ ಮತ್ತು ಎಂಥದ್ದು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೈಗನ್ನಡಿ ಹಿಡಿದು ನೋಡಿ. ಇದನ್ನು ಮಾಡದೆ ಹದಿನೈದು ಸಾವಿರದ ಸೀಟು ತಂದವರನ್ನು ನಾನು ಬಲ್ಲೆ.

ಗಟ್ಟಿ ಬೆಂಚಿನ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತರೆ ಎರಡು ಗುಬುಟು ಒತ್ತುತ್ತವಲ್ಲ, ಅವು ನಾವು ಕೂರುವ ಮೂಳೆಗಳು. ಅವುಗಳ ಕೆಳಗೆ ಜಜ್ಜಿದಂತೆ ನೋಯುವುದು ಒಂದು ಬಗೆ. ಹೊಸಬರಿಗೆ ಇದು ಸಹಜ, ಎರಡು ಮೂರು ವಾರ ಬಿಡದೆ ಸ್ವಲ್ಪ ಸ್ವಲ್ಪ ತುಳಿದರೆ ತಾನೇ ಇಳಿಯುತ್ತದೆ. ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ, ಸ್ನಾನದ ನೀರು ಬಿದ್ದರೆ ಚುರ್ ಎನ್ನುವುದು ಇನ್ನೊಂದು. ಅದು ಉಜ್ಜಿದ ಗಾಯ. ಕೂದಲಿನ ಬುಡದಲ್ಲಿ ಗುಳ್ಳೆ ಎದ್ದು, ಅದು ಬಲಿತು ಕೀವು ತುಂಬಿದ ಕುರುವಾಗುವುದು ಮೂರನೆಯದು. ನಾಲ್ಕನೆಯದು ಬೇರೆಯೇ ಜಾತಿ: ಮುಂಭಾಗದ ಮೆತ್ತನೆಯ ಅಂಗಾಂಶ ಊದಿಕೊಳ್ಳುವುದು, ಜೋಮು ಹಿಡಿಯುವುದು, ಕೀವಿಲ್ಲದ ರಬ್ಬರಿನಂಥ ಗಂಟು ನಿಲ್ಲುವುದು. ಮೊದಲ ಮೂರು ಚರ್ಮದ, ಮೂಳೆಯ ತಂಟೆ. ನಾಲ್ಕನೆಯದರಲ್ಲಿ ರಕ್ತನಾಳ, ನರ, ದುಗ್ಧನಾಳಗಳು (ಲಿಂಫ್ ಎಂಬ ದ್ರವ ಹರಿಯುವ ನಾಳಗಳು) ಸೇರಿಕೊಂಡಿವೆ. "ನೋವು" ಮತ್ತು "ಊತ" ಎರಡನ್ನೂ ಒಂದೇ ಔಷಧದಲ್ಲಿ ತೀರಿಸಲು ಹೊರಟಾಗಲೇ ಹೆಚ್ಚು ದುಡ್ಡು ಹಾಳಾಗುವುದು.

ಎರಡನೆಯದು, ಒಂದೇ ಏಟಿಗೆ ಎಷ್ಟು ಹೊತ್ತು ಕೂರುತ್ತೀರಿ, ಎಷ್ಟು ಬಗ್ಗಿ ಕೂರುತ್ತೀರಿ. ಆಫೀಸಿಗೆ ಅರ್ಧ ಗಂಟೆ ನೆಟ್ಟಗೆ ಕೂತು ಹೋಗುವವರಿಗೂ, 200 ಕಿಲೋಮೀಟರಿನ ಬ್ರೆವೆಯನ್ನು, ಅಂದರೆ ಗಡುವು ಇಟ್ಟ ದೂರದ ಸವಾರಿಯನ್ನು, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಮೂರನೆಯದು ಬಜೆಟ್ಟು. ನಾಲ್ಕನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಮಾಡಿದ್ದು ಸರಿಹೋಗದಿದ್ದರೆ ಮೊದಲಿನಂತೆ ಮಾಡಿಕೊಳ್ಳಬಹುದೇ? ಅಲೆನ್ ಕೀಯಿಂದ (ಸೀಟಿನ ಬೋಲ್ಟು ಸಡಿಲಿಸುವ ಆರು ಮೂಲೆಯ ಕೀಲಿ) ತಿರುಗಿಸಿದ್ದನ್ನು ಮತ್ತೆ ತಿರುಗಿಸಬಹುದು. ಒಮ್ಮೆ ಹಾಕಿದ ಶಾರ್ಟ್ಸನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾಸಿಲ್ಲದ ದಾರಿ: ಅಲೆನ್ ಕೀ ಮತ್ತು ಒಂದು ಟೇಪು

ಸೀಟು ಎತ್ತರವಾಗಿದ್ದರೆ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ಆ ಕಡೆಗೆ ವಾಲುತ್ತದೆ. ನಿಮಿಷಕ್ಕೆ ಎಂಬತ್ತು ಸುತ್ತು ತುಳಿದರೆ ಗಂಟೆಗೆ 4,800 ಸಲ ಎಡಕ್ಕೆ, ಅಷ್ಟೇ ಸಲ ಬಲಕ್ಕೆ ಗರಗಸ ಆಡಿದಂತೆ. ಎಂಥ ಕ್ರೀಮು ತಡೆದೀತು? ಹಿಂದಿನಿಂದ ಬರುವ ಗೆಳೆಯನಿಗೆ ನಿಮ್ಮ ಸೊಂಟ ನೋಡಲು ಹೇಳಿ. ಕುಣಿಯುತ್ತಿದ್ದರೆ ಎತ್ತರ ಹೆಚ್ಚಾಗಿದೆ.

ಮನೆಯಲ್ಲೇ ನೋಡುವ ಒರಟು ಲೆಕ್ಕವೊಂದಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಪುಸ್ತಕವನ್ನು ಕಾಲ ಸಂದಿನಲ್ಲಿ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6. ಇದು ಶಾಸನವಲ್ಲ, ಶುರು ಮಾಡುವ ಜಾಗ ಅಷ್ಟೆ. ಅಲ್ಲಿಂದ ಮೂರು ಮೂರು ಮಿಲಿಮೀಟರ್ ಮಾತ್ರ ಆಚೀಚೆ ಮಾಡಿ, ಪ್ರತಿ ಬದಲಾವಣೆಗೂ ಎರಡು ರೈಡ್ ಕೊಡಿ.

ಆಮೇಲೆ ಸೀಟಿನ ಮೂತಿ. ಮೂತಿ ಮೇಲೆದ್ದಿದ್ದರೆ ಭಾರ ನೇರ ಮುಂಭಾಗದ ಮೆತ್ತನೆಯ ಜಾಗಕ್ಕೆ ಬೀಳುತ್ತದೆ. ಜೋಮಿಗೂ ಊತಕ್ಕೂ ಇದು ನಾನು ಕಂಡ ಅತಿ ಸಾಮಾನ್ಯ ಕಾರಣ. ಫೋನಿನಲ್ಲಿರುವ ರಸಮಟ್ಟದ ಆ್ಯಪ್ ಸೀಟಿನ ಮೇಲಿಟ್ಟು, ಸಮಕ್ಕೆ ತಂದು, ಆಮೇಲೆ ಒಂದೋ ಎರಡೋ ಡಿಗ್ರಿ ಕೆಳಗಿಳಿಸಿ. ತೀರಾ ಇಳಿಸಿದರೆ ಮುಂದಕ್ಕೆ ಜಾರುತ್ತೀರಿ, ಅಂಗೈ ಜೋಮು ಹಿಡಿಯುತ್ತದೆ. ಒಂದು ಕಡೆಯ ನೋವನ್ನು ಇನ್ನೊಂದು ಕಡೆಗೆ ಸಾಗಿಸಿದಂತೆ. ಹಿಂದೆ ರೇಸುಗಳಲ್ಲಿ ಸೀಟು ಹೆಚ್ಚುಕಡಿಮೆ ಸಮತಟ್ಟಾಗಿಯೇ ಇರಬೇಕಿತ್ತು. 2016ರ ರಿಯೋ ಒಲಿಂಪಿಕ್ಸಿಗೆ ಮುನ್ನ ಬ್ರಿಟನ್ನಿನ ತಂಡದ ವೈದ್ಯರು, ಫಿಸಿಯೋಗಳು ತಮ್ಮ ಮಹಿಳಾ ಸವಾರರ ಹುಣ್ಣು, ಊತದ ಬಗ್ಗೆ ತಲೆಕೆಡಿಸಿಕೊಂಡಾಗ ಅವರು ಹಿಡಿದ ದಾರಿಗಳಲ್ಲಿ ಈ ಓರೆಯೂ ಒಂದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈಗ ಒಂಬತ್ತು ಡಿಗ್ರಿಯವರೆಗೆ ಬಿಟ್ಟಿದೆ. ನಮಗೆ ಅಷ್ಟು ಬೇಡ.

ಹ್ಯಾಂಡಲ್ ತೀರ ದೂರವಾಗಿದ್ದರೂ ಕೈ ಎಟುಕಿಸಲು ಸೊಂಟ ಮುಂದಕ್ಕೆ ಉರುಳಿ ಭಾರ ಮೂತಿಯ ಮೇಲೆ ಬೀಳುತ್ತದೆ. ಟೈರಿನ ಗಾಳಿಯನ್ನೂ ನೋಡಿ. ಸಣಕಲು ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸುವ ಚಟ ನಮ್ಮವರಿಗೆ ಇನ್ನೂ ಹೋಗಿಲ್ಲ. ಫ್ರೇಮಿನಲ್ಲಿ ಜಾಗವಿದ್ದರೆ 28 ಅಥವಾ 32 ಮಿಲಿಮೀಟರ್ ಟೈರು, ತೂಕಕ್ಕೆ ತಕ್ಕಷ್ಟು ಕಡಿಮೆ ಗಾಳಿ. ನಮ್ಮ ಹಂಪ್‌ಗಳ ಅರ್ಧ ಪೆಟ್ಟನ್ನು ಅದೇ ನುಂಗುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು ಇಪ್ಪತ್ತು ಸೆಕೆಂಡ್ ತುಳಿಯಿರಿ, ರಕ್ತ ಓಡಾಡಲಿ. ಮನೆಯೊಳಗೆ ಟ್ರೇನರ್ ಮೇಲೆ (ಸೈಕಲ್ಲು ನಿಂತಲ್ಲೇ ತುಳಿಯಲು ಇರುವ ಸ್ಟ್ಯಾಂಡು) ತುಳಿಯುವವರು ಇದನ್ನು ಮರೆಯುತ್ತಾರೆ. ಅಲ್ಲಿ ಹಳ್ಳವಿಲ್ಲ, ದಿಣ್ಣೆಯಿಲ್ಲ, ಏಳುವ ಪ್ರಸಂಗವೇ ಬರುವುದಿಲ್ಲ; ಬೆವರು ಬೇರೆ.

ಈ ದಾರಿಯ ಕೊರತೆ ಎಂದರೆ ತಾಳ್ಮೆ. ಫಲ ಗೊತ್ತಾಗಲು ಮೂರು ನಾಲ್ಕು ವಾರ ಬೇಕು. ಒಂದೇ ದಿನ ಎತ್ತರ, ಓರೆ, ಹ್ಯಾಂಡಲ್ ಮೂರನ್ನೂ ಬದಲಿಸಿದರೆ ಯಾವುದು ಗುಣ ಮಾಡಿತು ಎಂಬುದು ದೇವರಿಗೇ ಗೊತ್ತು.

ಶಾರ್ಟ್ಸು

ಚರ್ಮ ಉಜ್ಜುವವರಿಗೆ, ಗುಳ್ಳೆ ಏಳುವವರಿಗೆ ಮೊದಲ ಖರ್ಚು ಇದೇ ಆಗಲಿ. ಪ್ಯಾಡ್ ಇರುವ ಶಾರ್ಟ್ಸ್ ನಮ್ಮಲ್ಲಿ ಸಾವಿರ ರೂಪಾಯಿ ಆಸುಪಾಸಿನಿಂದ ಸಿಗುತ್ತದೆ. ಭುಜಕ್ಕೆ ಪಟ್ಟಿ ಇರುವ ಬಿಬ್ ಎರಡೂವರೆ ಮೂರು ಸಾವಿರದಿಂದ. ವಿದೇಶಿ ಹೆಸರಿನವು ಎಂಟು ಹತ್ತು ಸಾವಿರ ದಾಟುತ್ತವೆ. ಪ್ಯಾಡ್ ದಪ್ಪಗಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು. ದಪ್ಪ, ಸಡಿಲ ಪ್ಯಾಡ್ ಬೆವರು ಕುಡಿದು ಮಗುವಿನ ಒದ್ದೆ ಲಂಗೋಟಿಯಂತಾಗುತ್ತದೆ. ಒತ್ತಾಗಿ ಹೆಣೆದ, ಮೂಳೆಯ ಕೆಳಗೆ ಮಾತ್ರ ದಪ್ಪವಿರುವ, ಮೈಗೆ ಅಂಟಿ ಕೂರುವ ಪ್ಯಾಡ್ ನೋಡಿ. ಅಂಗಡಿಯಲ್ಲಿ ನಿಂತು ನೋಡಬೇಡಿ, ಸೈಕಲ್ ಮೇಲೆ ಬಗ್ಗಿದಂತೆ ಬಗ್ಗಿ ನೋಡಿ.

ಬಿಬ್ಬಿನಲ್ಲಿ ಪ್ಯಾಡ್ ಕದಲುವುದಿಲ್ಲ, ಸೊಂಟದ ಎಲಾಸ್ಟಿಕ್ ಹೊಟ್ಟೆ ಹಿಸುಕುವುದಿಲ್ಲ. ಆದರೆ ಹೆದ್ದಾರಿಯ ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಹೆಂಗಸರು ಜೆರ್ಸಿ ಕಳಚಿ, ಪಟ್ಟಿ ಇಳಿಸಿ ಕೂರುವುದು ಎಂಥ ಪಾಡು ಎಂದು ನನ್ನ ಹೆಂಡತಿಯನ್ನು ಕೇಳಿ. ಅವಳು ಮರಳಿ ಬರೀ ಶಾರ್ಟ್ಸಿಗೆ ಬಂದಿದ್ದಾಳೆ. ಊರೊಳಗೆ ಬಿಗಿ ಬಟ್ಟೆಯಲ್ಲಿ ಇಳಿಯಲು ಸಂಕೋಚವೆನಿಸಿದರೆ ಮೇಲೊಂದು ಸಡಿಲ ಚಡ್ಡಿ ಹಾಕಿಕೊಂಡರಾಯಿತು.

ಒಳಗೆ ಒಳಚಡ್ಡಿ ಹಾಕಬಾರದು. ಇದನ್ನು ಹೇಳಿದಾಗ ಅರ್ಧ ಜನ ಬೆಚ್ಚುತ್ತಾರೆ. ಒಳಚಡ್ಡಿಯ ಹೊಲಿಗೆಯೇ ಉಜ್ಜುವುದು. ಪ್ಯಾಡ್ ಇರುವುದೇ ನೇರ ಚರ್ಮಕ್ಕೆ ತಾಗಲು. ಹಾಗಾಗಿ ಒಮ್ಮೆ ಹಾಕಿದ್ದನ್ನು ತೊಳೆಯದೆ ಮತ್ತೆ ಹಾಕುವಂತಿಲ್ಲ. ಎಂಟು ಸಾವಿರದ ಒಂದಕ್ಕಿಂತ ಮೂರು ಸಾವಿರದ ಎರಡು ಮೇಲು ಎನ್ನುವುದು ಇದಕ್ಕೇ. ಕಂಫರ್ಟ್ ಥರದ ದ್ರವ ಹಾಕದೆ ತೊಳೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಮಲೆನಾಡಿನವರಿಗೆ ಮೂರನೆಯದೂ ಬೇಕಾದೀತು.

ಮೂಳೆಯ ನೋವಿಗೆ ಶಾರ್ಟ್ಸ್ ಅರ್ಧ ಪರಿಹಾರ. ಜೋಮಿಗೆ, ಊತಕ್ಕೆ ಅದರಿಂದ ಹೆಚ್ಚೇನೂ ಆಗದು.

ಕ್ರೀಮು, ಕೊಬ್ಬರಿ ಎಣ್ಣೆ, ಮೆಡಿಕಲ್ ಶಾಪಿನ ಟ್ಯೂಬು

ಪ್ಯಾಡಿಗೆ ಹಚ್ಚುವ ಕ್ರೀಮು ಜಾರಿಕೆಗೆ, ಅಷ್ಟೆ. ಎರಡು ಗಂಟೆಗಿಂತ ಹೆಚ್ಚು ಕೂರುವವರಿಗೆ ಇದರಿಂದ ಉಪಯೋಗವುಂಟು. ಪೆಟ್ರೋಲಿಯಂ ಜೆಲ್ಲಿ ಅಗ್ಗ, ಹೊತ್ತು ಬಾಳುತ್ತದೆ, ಆದರೆ ಬಟ್ಟೆಯಿಂದ ಬಿಡುವುದು ಕಷ್ಟ. ಕೊಬ್ಬರಿ ಎಣ್ಣೆ ಬೇಗ ಇಂಗಿಹೋಗುತ್ತದೆ. ಒಂದು ಗಂಟೆಯ ರೈಡಿಗೆ ಸಾಕು, 300 ಕಿಲೋಮೀಟರಿಗೆ ಸಾಲದು. ಪೌಡರ್ ಬೆವರಿನಲ್ಲಿ ಮುದ್ದೆಯಾಗಿ ಇನ್ನಷ್ಟು ಉಜ್ಜುತ್ತದೆ, ಬಿಡಿ.

ತೊಡೆಸಂದಿಯಲ್ಲಿ ಉಂಗುರದಂತೆ ಅಂಚು ಕಟ್ಟಿ ಹಬ್ಬುವ ತುರಿಕೆ ಇದ್ದರೆ ಅದು ಸೀಟಿನ ಗಾಯವಲ್ಲ, ಹುಳಕಡ್ಡಿ. ಅದಕ್ಕೆ ಅಂಗಡಿಯವರು ಥಟ್ಟನೆ ಕೊಡುವ, ಸ್ಟೆರಾಯ್ಡ್ ಬೆರೆತ "ಎಲ್ಲದಕ್ಕೂ ಒಂದೇ" ಟ್ಯೂಬು ಎರಡು ದಿನ ತುರಿಕೆ ಅಡಗಿಸುತ್ತದೆ, ಆಮೇಲೆ ರೋಗವನ್ನು ಮೊಂಡು ಮಾಡುತ್ತದೆ. ಚರ್ಮದ ಡಾಕ್ಟರರಿಗೇ ತೋರಿಸಿ.

ಆ ಜಾಗದ ಕೂದಲನ್ನು ಬೋಳಿಸುವುದೂ ಬೇಡ. ಮೊಳೆತ ಕೂದಲು ಒಳಕ್ಕೆ ಮುರುಟಿಕೊಂಡರೆ ಅದೇ ಗುಳ್ಳೆಯ ಬೀಜ. ಕತ್ತರಿ ಅಥವಾ ಟ್ರಿಮ್ಮರಿನಿಂದ ಗಿಡ್ಡ ಮಾಡಿ ಸಾಕು. ರೈಡ್ ಮುಗಿದ ಮೇಲೆ ಒದ್ದೆ ಶಾರ್ಟ್ಸಿನಲ್ಲೇ ದೋಸೆಗೆ ಕೂತು ಗಂಟೆಗಟ್ಟಲೆ ಹರಟುವುದು ನಮ್ಮ ಗುಂಪಿನ ದೊಡ್ಡ ಪಾಪ. ಅದನ್ನು ಬಿಟ್ಟ ವರ್ಷ ನನ್ನ ಗುಳ್ಳೆಗಳು ಅರ್ಧಕ್ಕರ್ಧ ಇಳಿದವು.

ಸೀಟು

ಸೀಟಿನ ವಿಷಯ ಈಗ. ಮೊದಲು ಅಗಲ. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಇಟ್ಟು, ಮುಂದಕ್ಕೆ ಬಗ್ಗಿ, ಕಾಲು ತುಸು ಎತ್ತಿ ಒಂದು ನಿಮಿಷ ಕೂರಿ. ಎರಡು ಗುಳಿ ಬೀಳುತ್ತವೆ. ನಡುವಿನಿಂದ ನಡುವಿಗೆ ಅಳೆಯಿರಿ, ಇಪ್ಪತ್ತರಿಂದ ಮೂವತ್ತು ಮಿಲಿಮೀಟರ್ ಸೇರಿಸಿ. 115 ಬಂದರೆ 140ರ ಆಸುಪಾಸಿನ ಸೀಟು. ದಪ್ಪಗಿದ್ದವರಿಗೆ ಅಗಲ ಸೀಟು ಬೇಕು ಎನ್ನುವುದು ಕಣ್ಣಂದಾಜಿನ ಮಾತು. ಮೈಯ ಗಾತ್ರಕ್ಕೂ ಆ ಮೂಳೆಗಳ ಅಂತರಕ್ಕೂ ಅಂಥ ನಂಟಿಲ್ಲ. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಹೆಚ್ಚು, ಆದರೆ ನನ್ನ ಹೆಂಡತಿಯದು ನನಗಿಂತ ಕಡಿಮೆ ಬಂತು.

ಮೆತ್ತನೆಯ ಜೆಲ್ ಕವರು ಎಲ್ಲರೂ ಮೊದಲು ಕೊಳ್ಳುವ ಸರಕು, ನಾಲ್ಕೈದು ನೂರಕ್ಕೆ ಸಿಗುತ್ತದೆ. ಅರ್ಧ ಗಂಟೆ ನೆಟ್ಟಗೆ ಕೂತು ಹೋಗುವವರಿಗೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮೂಳೆಗಳು ಜೆಲ್ಲಿನಲ್ಲಿ ಹೂತುಹೋಗಿ, ನಡುವಿನ ಜೆಲ್ ಮೇಲೆದ್ದು ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಊತ ಇರುವವರು ಅದನ್ನು ಇವತ್ತೇ ತೆಗೆದುಬಿಡಿ.

ಹಾಗಾದರೆ ತಾತನ ಅಟ್ಲಾಸ್ ಸೈಕಲ್ಲಿನ ಅಗಲವಾದ ಸ್ಪ್ರಿಂಗ್ ಸೀಟು ತಪ್ಪಾಗಿತ್ತೇ? ಇಲ್ಲ. ತಾತ ನೆಟ್ಟಗೆ ಕೂರುತ್ತಿದ್ದರು, ಮೈಭಾರ ಪೂರಾ ಹಿಂದೆ. ಆ ಭಂಗಿಗೆ ಅಗಲ, ಸ್ಪ್ರಿಂಗು ಎರಡೂ ಸರಿ. ಅದೇ ಸೀಟನ್ನು ಬಗ್ಗಿ ತುಳಿಯುವ ರೋಡ್ ಬೈಕಿಗೆ ಹಾಕಿದರೆ ತೊಡೆ ಕಿತ್ತುಹೋಗುತ್ತದೆ. ಸಿಟಿಯಲ್ಲಿ ಹೈಬ್ರಿಡ್ ಸೈಕಲ್ ಓಡಿಸುವವರು ಇವೆರಡರ ನಡುವೆ.

ನಡುವೆ ತೂತು ಅಥವಾ ಆಳವಾದ ಕಾಲುವೆ ಇರುವ ಗಿಡ್ಡ ಮೂತಿಯ ಸೀಟು ಈಗ ಎಲ್ಲ ಕಂಪನಿಯಲ್ಲೂ ಇದೆ. ಬಗ್ಗಿ ತುಳಿಯುವವರ ಜೋಮಿಗೆ ಒಳ್ಳೆಯದು. ಆದರೆ ಭಾರ ಎಲ್ಲಿಗೂ ಮಾಯವಾಗುವುದಿಲ್ಲ, ತೂತಿನ ಅಂಚುಗಳಿಗೆ ಹೋಗುತ್ತದೆ. ಕೆಲವು ಹೆಂಗಸರಿಗೆ ಆ ಅಂಚೇ ಹೊಸ ಊತ ತರುತ್ತದೆ. ಅಂಥವರಿಗೆಂದೇ ತೂತಿನ ಜಾಗದಲ್ಲಿ ಮೆತ್ತನೆಯ ಫೋಮ್ ತುಂಬಿದ ಸೀಟುಗಳಿವೆ. ಸ್ಪೆಷಲೈಸ್ಡ್ ಕಂಪನಿಯ ಮಿಮಿಕ್ ಆ ಬಗೆಯದು. ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮೂತಿಯೇ ಇಲ್ಲದವೂ ಇವೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸೈಕಲ್ ಗಸ್ತಿನ ಪೊಲೀಸರಿಗೆ ಇಂಥವನ್ನು ಆರು ತಿಂಗಳು ಕೊಟ್ಟು ನೋಡಿ, 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಮು ಬಹಳ ತಗ್ಗಿದ್ದನ್ನು ಕಂಡಿತು. ಆದರೆ ತಿರುವಿನಲ್ಲಿ ತೊಡೆಯಿಂದ ಸೈಕಲ್ಲನ್ನು ಹಿಡಿತದಲ್ಲಿಡುವ ಅಭ್ಯಾಸ ಇದ್ದವರಿಗೆ ಮೂತಿಯಿಲ್ಲದ್ದು ಅನಾಥವೆನಿಸುತ್ತದೆ. ಜೋಮು ಬೇರೆ ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಆ ಕಡೆ ಹೋಗಿ.

ಇನ್ನು ಚರ್ಮದ ಸೀಟು. 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಬ್ರೂಕ್ಸ್‌ನ ಬಿ17ಗೆ ದೂರದ ಸವಾರರಲ್ಲಿ ಭಕ್ತರಿದ್ದಾರೆ, ನಾನೂ ಒಬ್ಬ. ಕೆರದಂತೆ ಅದು ಕೂರುವವರ ಆಕಾರಕ್ಕೆ ಪಳಗುತ್ತದೆ, ಗಾಳಿಯಾಡುತ್ತದೆ, ಹತ್ತು ವರ್ಷ ಬಾಳುತ್ತದೆ. ಪಳಗುವವರೆಗಿನ ಐನೂರು, ಕೆಲವೊಮ್ಮೆ ಸಾವಿರ ಕಿಲೋಮೀಟರ್ ಮಾತ್ರ ಮರದ ದಿಮ್ಮಿ. ಕುರು ಇರುವಾಗ ಇದನ್ನು ಪಳಗಿಸಲು ಹೋಗಬೇಡಿ. ಮಳೆಗೆ ನೆನೆದರೆ ಕೆಡುತ್ತದೆ. ಕರಾವಳಿ, ಮಲೆನಾಡಿನ ಜೂನ್ ತಿಂಗಳಿಗೆ ಇದು ಹೇಳಿಸಿದ್ದಲ್ಲ.

ಹೊಸ ಸೀಟಿಗೆ ಎರಡು ಮೂರು ಸಾವಿರದಿಂದ ಹದಿನೈದು ಸಾವಿರ ದಾಟಿಯೂ ಆಗುತ್ತದೆ. ಹೊಂದುವ ಎರಡು ಸಾವಿರದ್ದು ಹೊಂದದ ಹದಿನೈದು ಸಾವಿರದ್ದಕ್ಕಿಂತ ಸಾವಿರ ಪಾಲು ವಾಸಿ. ಗುಂಪಿನಲ್ಲಿ ಕೇಳಿ ನೋಡಿ. ನನ್ನ ಅಟ್ಟದಂಥ ಅಟ್ಟಗಳು ಎಲ್ಲರ ಮನೆಯಲ್ಲೂ ಇವೆ. ಎರಡು ವಾರಕ್ಕೆ ಎರವಲು ತಂದು ನೋಡಿ ಆಮೇಲೆ ಕೊಳ್ಳಿ.

ದುಡ್ಡು ಕೊಟ್ಟು ಫಿಟ್ ಮಾಡಿಸುವುದು

ಫಿಟ್ ಎಂದರೆ ತಿಳಿದವರು ನಮ್ಮ ಮೈಯಳತೆ ನೋಡಿ ಸೈಕಲ್ಲನ್ನು ಅದಕ್ಕೆ ಹೊಂದಿಸಿಕೊಡುವುದು. ಬೆಂಗಳೂರಿನಂಥ ಊರಲ್ಲಿ ಇದಕ್ಕೆ ಐದು ಸಾವಿರದಿಂದ ಮೇಲಕ್ಕೆ. ವಾರಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ತುಳಿಯುವವರಿಗೆ, ಅದರಲ್ಲೂ ಗಾಯವೋ ಊತವೋ ಯಾವಾಗಲೂ ಒಂದೇ ಪಕ್ಕದಲ್ಲಿ ಬರುವವರಿಗೆ, ಎರಡನೇ ಸೀಟಿಗೆ ಕೈಹಾಕುವ ಮೊದಲು ಇದು ಮೇಲು. ಒಂದು ಕಾಲು ತುಸು ಗಿಡ್ಡವಾಗಿರುವುದು, ಸೊಂಟ ಒಂದು ಕಡೆ ತಿರುಗಿರುವುದು ನಮಗೆ ನಾವೇ ಕಾಣುವುದಿಲ್ಲ. ಹೋದಾಗ ಊತ ಎಲ್ಲಿ ಎಂದು ನಾಚದೆ ಹೇಳಿ. ಒಮ್ಮೆ ನಾನು ಬರೀ "ಕಂಫರ್ಟ್ ಇಲ್ಲ" ಎಂದು ಹೇಳಿ ಬಂದೆ. ಅವರು ಹ್ಯಾಂಡಲ್ ಎತ್ತರಿಸಿ ಕಳಿಸಿದರು.

ಯಾವಾಗ ಸೈಕಲ್ಲಿನದಲ್ಲ, ಡಾಕ್ಟರದ್ದು

ಕುರು ಎದ್ದಿದ್ದರೆ ಮೊದಲ ಮದ್ದು ಇಳಿದು ನಡೆಯುವುದು. ದಿನಕ್ಕೆರಡು ಮೂರು ಸಲ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನ ಬಟ್ಟೆ ಒತ್ತಿ, ಒಣಗಿಸಿ, ಸಡಿಲ ಬಟ್ಟೆ ಹಾಕಿ. ಹಿಸುಕಬೇಡಿ. ನಾನು 300ರ ಬ್ರೆವೆಯೊಂದರ ಹಿಂದಿನ ರಾತ್ರಿ ಹಿಸುಕಿಕೊಂಡು ಹೋಗಿ, ನೂರೈವತ್ತನೇ ಕಿಲೋಮೀಟರಿನಿಂದ ಅರ್ಧ ನಿಂತೇ ತುಳಿದು, ಮರುದಿನ ಶಸ್ತ್ರಚಿಕಿತ್ಸಕರ ಕೈಯಲ್ಲಿ ಕುಯ್ಯಿಸಿಕೊಂಡೆ. ವೃತ್ತಿಪರರಿಗೂ ಇದರ ಮುಂದೆ ಹಟ ನಡೆದಿಲ್ಲ. 1989ರ ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಕೊನೆಯ ದಿನ ಶುರುವಾದಾಗ ಒಟ್ಟು ಸಮಯದಲ್ಲಿ 50 ಸೆಕೆಂಡ್ ಮುಂದಿದ್ದ ಫ್ರಾನ್ಸಿನ ಲಾರೆಂ ಫಿನ್ಯೋಂ, ಕೂರಲಾಗದ ಹುಣ್ಣಿನೊಂದಿಗೆ ತುಳಿದು ಅಮೆರಿಕದ ಗ್ರೆಗ್ ಲೆಮಾಂಡ್‌ಗೆ 8 ಸೆಕೆಂಡಿನಲ್ಲಿ ಸೋತರು. ಲೆಮಾಂಡ್ ಸೈಕಲ್ಲಿಗೆ ಗಾಳಿ ಸೀಳುವ ಹ್ಯಾಂಡಲ್ ಇತ್ತೆನ್ನುವುದೂ ನಿಜವೇ.

ಜ್ವರ ಬಂದರೆ, ಕೆಂಪು ಹಬ್ಬುತ್ತಿದ್ದರೆ, ಗಂಟು ಎರಡು ವಾರದ ವಿಶ್ರಾಂತಿಗೂ ಕರಗದಿದ್ದರೆ, ಜೋಮು ರೈಡ್ ಮುಗಿದ ಮೇಲೂ ಉಳಿದರೆ, ಮೂತ್ರಕ್ಕೋ ಲೈಂಗಿಕ ಕ್ರಿಯೆಗೋ ತೊಂದರೆಯಾದರೆ ಡಾಕ್ಟರ ಬಳಿ ಹೋಗಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕುರು ಏಳುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಬೆನ್ನೆಲುಬಿನ ತುದಿಯಲ್ಲಿ ಅಥವಾ ಗುದದ್ವಾರದ ಪಕ್ಕ ಸೋರುವ ಗಾಯಕ್ಕೆ ಸೀಟು ಕಾರಣವಾಗಿರದೆಯೂ ಇರಬಹುದು. ಮೊದಲ ಜಾಗದ ಪೈಲೊನೈಡಲ್ ಸೈನಸ್ಸನ್ನೋ ಎರಡನೆಯ ಜಾಗದ ಫಿಸ್ಟುಲಾವನ್ನೋ ಸೀಟಿನ ಗಾಯವೆಂದು ತಿಂಗಳುಗಟ್ಟಲೆ ಸಾಕಿದವರುಂಟು. ಸಕ್ಕರೆ ಕಾಯಿಲೆಯವರು ಎರಡು ವಾರ ಕಾಯುವುದೂ ಬೇಡ.

ಹೆಂಗಸರಲ್ಲಿ ಒಂದು ಪಕ್ಕದ ಯೋನಿತುಟಿ ಊದಿ, ರೈಡ್ ಇಲ್ಲದ ವಾರದಲ್ಲೂ ಇಳಿಯದೆ ನಿಂತರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಬ್ರಿಟನ್ನಿನ ಪ್ಯಾರಾಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ತಮ್ಮ ಊತ, ಅದಕ್ಕಾದ ಶಸ್ತ್ರಚಿಕಿತ್ಸೆಯ ಬಗ್ಗೆ 2019ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅಂಥ ಊತದೊಂದಿಗೆ ತುಳಿಯುತ್ತಲೇ ಸೀಟು ಬದಲಿಸುತ್ತ ಕೂತರೆ ಅಂಗಾಂಶ ದಪ್ಪಗಾಗಿ ಹಾಗೇ ಉಳಿದುಬಿಡಬಹುದು.

ಕೈಯಲ್ಲಿರುವ ದುಡ್ಡಿಗೆ

ಸಾವಿರದೈನೂರು ಇದೆಯೆಂದರೆ: ಎತ್ತರ, ಓರೆ, ಟೈರಿನ ಗಾಳಿ ಸರಿಮಾಡಿ, ಒಂದು ಶಾರ್ಟ್ಸ್ ಕೊಳ್ಳಿ. ಆಫೀಸಿಗೆ ಹೋಗಿಬರುವವರಿಗೆ ಬಹುಪಾಲು ಇಲ್ಲಿಗೇ ಮುಗಿಯುತ್ತದೆ. ಆರು ಏಳು ಸಾವಿರ ಇದ್ದರೆ ನೋವಿನ ಬಗೆ ನೋಡಿ. ಉಜ್ಜು, ಗುಳ್ಳೆಗೆ ಎರಡು ಬಿಬ್ಬು ಮತ್ತು ಕ್ರೀಮು. ಮೂಳೆನೋವಿಗೆ ಅಳೆದು ತಂದ ಸಾಧಾರಣ ಸೀಟು ಮತ್ತು ಒಂದು ಶಾರ್ಟ್ಸು. ಒಂದೇ ಪಕ್ಕದ ತೊಂದರೆಗೆ ಫಿಟ್ಟಿಂಗು. ಇಪ್ಪತ್ತು ಸಾವಿರ ಹಾಕಬಲ್ಲ ಬ್ರೆವೆ ಸವಾರರು ಫಿಟ್ ಮೊದಲು ಮಾಡಿಸಿ, ಅಲ್ಲಿ ಗೊತ್ತಾದ ಅಗಲಕ್ಕೆ ಸೀಟು ಕೊಳ್ಳಿ, ಇದನ್ನು ತಿರುಗುಮುರುಗು ಮಾಡಬೇಡಿ. ಊತ ಈಗ ಇದ್ದರೆ ಎಷ್ಟೇ ದುಡ್ಡಿದ್ದರೂ ಮೊದಲ ಎರಡು ವಾರ ಏನನ್ನೂ ಕೊಳ್ಳಬೇಡಿ, ತುಳಿಯಲೂ ಬೇಡಿ.

ಅಲೆನ್ ಕೀ ಕೈಗೆತ್ತಿಕೊಳ್ಳುವ ಮೊದಲು ಸೀಟ್‌ಪೋಸ್ಟಿನ (ಸೀಟನ್ನು ಹೊತ್ತ ಕೊಳವೆ) ಈಗಿನ ಎತ್ತರಕ್ಕೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ, ಸೀಟಿನ ಪಕ್ಕದಿಂದ ಒಂದು ಫೋಟೋ ತೆಗೆದಿಡಿ.